ಪೋರ್ಷನ್ ಮುಗಿಯದೆ ನೀಟ್ ಬರೆಯಲೇ, ಮುಂದಿನ ವರ್ಷಕ್ಕೆ ಬಿಡಲೇ?

ಚಿಂಚೋಳಿ ತಾಲ್ಲೂಕಿನ ಕಾಲೇಜಿನಲ್ಲಿ ಸೆಕೆಂಡ್ ಪಿಯು ಓದುತ್ತಿದ್ದೀಯ. ಆಗಸ್ಟ್‌ನಿಂದ ಫಿಸಿಕ್ಸ್ ಹೇಳಿಕೊಡುವವರಿಲ್ಲ, ಆರ್ಗ್ಯಾನಿಕ್ ಕೆಮಿಸ್ಟ್ರಿ ಅರ್ಧಕ್ಕೆ ನಿಂತಿದೆ, ಈಗಾಗಲೇ ಡಿಸೆಂಬರ್. ಈ ಸಲ ನೀಟ್ ಕೈಬಿಟ್ಟು ಮುಂದಿನ ವರ್ಷ ಲಾತೂರಿನಲ್ಲೋ ಹೈದರಾಬಾದಿನಲ್ಲೋ ಲಾಂಗ್ ಟರ್ಮ್, ಅಂದರೆ ವರ್ಷಪೂರ್ತಿ ಕೋಚಿಂಗ್, ಸೇರಲೇ ಅಂತ ಕೇಳಿದ್ದೀಯ.

ಬಿಡಬೇಡ ತಂಗಿ, ಈ ಸಲವೇ ಬರಿ. ನಾನು ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಕಲಿಸುವವಳು. ಅತಿಥಿ ಉಪನ್ಯಾಸಕರು ಬರುವಷ್ಟರಲ್ಲಿ ಅರ್ಧ ವರ್ಷ ಕಳೆದುಹೋದ ಮಕ್ಕಳನ್ನು ಪ್ರತಿ ಬ್ಯಾಚಿನಲ್ಲೂ ನೋಡುತ್ತೇನೆ. ಬಾಕಿ ಪಾಠಗಳ ಪಟ್ಟಿ ನೋಡಿಯೇ ಅವರ ಎದೆ ಒಡೆದಿರುತ್ತದೆ. ಆ ಪಟ್ಟಿಯಲ್ಲಿ ಯಾವುದು ಎಷ್ಟು ಭಾರ, ಯಾವುದು ಹಗುರ ಅಂತ ಕೂತು ಹೇಳಿದವರು ಮಾತ್ರ ಯಾರೂ ಇರುವುದಿಲ್ಲ.

ಮೊದಲು ಪಟ್ಟಿಯನ್ನೇ ಸರಿಮಾಡಿಕೋ. ಸೀನಿಯರ್‌ಗಳ ಹಳೇ ಗೈಡ್ ಇಟ್ಟುಕೊಂಡು ಲೆಕ್ಕ ಹಾಕಿದ್ದರೆ ಅದರಲ್ಲಿ ಬೇಡದ್ದೂ ಸೇರಿರುತ್ತದೆ. 2024ರ ನೀಟ್‌ಗೆ ಸಿಲಬಸ್ ಪರಿಷ್ಕರಿಸಿದಾಗ ಬಯಾಲಜಿಯಲ್ಲಿ ಸಸ್ಯಗಳಲ್ಲಿ ಸಾಗಾಣಿಕೆ, ಖನಿಜ ಪೋಷಣೆ, ಜೀರ್ಣಕ್ರಿಯೆ ಪಾಠಗಳು ಹೋದವು. ಕೆಮಿಸ್ಟ್ರಿಯಲ್ಲಿ ಸಾಲಿಡ್ ಸ್ಟೇಟ್, ಪಾಲಿಮರ್, ಸರ್ಫೇಸ್ ಕೆಮಿಸ್ಟ್ರಿ ಹೋದವು. ನೀಟ್ ನಡೆಸುವ ಎನ್‌ಟಿಎಯ ವೆಬ್‌ಸೈಟಿನಿಂದ ಈ ವರ್ಷದ ಸಿಲಬಸ್ ಇಳಿಸಿಕೊಂಡು ಒಂದೊಂದೇ ಸಾಲು ಹೊಂದಿಸಿ ನೋಡು.

ಇನ್ನು ಅಂಕಗಳ ಲೆಕ್ಕ. ಒಟ್ಟು 180 ಪ್ರಶ್ನೆ, 720 ಅಂಕ. ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಅಂದರೆ 360 ಅಂಕ ಬಯಾಲಜಿಯದ್ದೇ, ಮತ್ತು ಬಯಾಲಜಿ ಓದಲು ನಿನಗೆ ಯಾರ ಕ್ಲಾಸಿಗೂ ಕಾಯಬೇಕಿಲ್ಲ. ನಮ್ಮ ಪಿಯು ಪುಸ್ತಕವೇ ಎನ್‌ಸಿಇಆರ್‌ಟಿ ಪುಸ್ತಕ. ಪ್ರಶ್ನೆ ತೆಗೆಯುವವರು ಅದರ ಸಾಲುಗಳಿಂದಲೇ ತೆಗೆಯುತ್ತಾರೆ.

ಹೇಗೆ ಓದಬೇಕು ಅನ್ನುವುದಕ್ಕೆ ರಕ್ತ ಪರಿಚಲನೆಯ ಪಾಠ ತಗೋ. ಒಂದು ಬಡಿತಕ್ಕೆ ಒಂದೊಂದು ವೆಂಟ್ರಿಕಲ್ ಸುಮಾರು 70 ಮಿ.ಲೀ. ರಕ್ತ ತಳ್ಳುತ್ತದೆ, ನಿಮಿಷಕ್ಕೆ ಸರಾಸರಿ 72 ಬಡಿತ, ಗುಣಿಸಿದರೆ ಸುಮಾರು 5 ಲೀಟರ್ ಕಾರ್ಡಿಯಾಕ್ ಔಟ್‌ಪುಟ್. ಇಷ್ಟು ಬಾಯಿಪಾಠ ಮಾಡಿ ಮುಂದೆ ಹೋಗಬೇಡ. ಪುಸ್ತಕ ಮುಚ್ಚಿ ನೀನೇ ತಿರುಗಿಸಿ ಕೇಳಿಕೋ: ಬಡಿತ 100 ಆಗಿ, ಔಟ್‌ಪುಟ್ 5 ಲೀಟರೇ ಇದ್ದರೆ ಒಂದು ಬಡಿತಕ್ಕೆ ಎಷ್ಟು? 50 ಮಿ.ಲೀ. ಇಸಿಜಿಯಲ್ಲಿ ಪಿ ತರಂಗ ಏಟ್ರಿಯಾದ ಡಿಪೋಲರೈಸೇಶನ್, ಕ್ಯೂಆರ್‌ಎಸ್ ವೆಂಟ್ರಿಕಲ್‌ಗಳದ್ದು. ಹಾಗಾದರೆ ಟಿ ತರಂಗದ ಎದುರು ಯಾವ ತಪ್ಪು ಹೇಳಿಕೆ ಕೊಟ್ಟು ನಿನ್ನನ್ನು ಸಿಕ್ಕಿಸಬಹುದು? ಒಂದೊಂದು ಪ್ಯಾರಾ ಹೀಗೆ ಓದಿದರೆ ನಿಧಾನವಾಗುತ್ತದೆ, ಖರೆ. ಆದರೆ ಹೀಗೆ ಓದಿದ ಪಾಠ ಪರೀಕ್ಷೆಯಲ್ಲಿ ಕೈಕೊಡುವುದಿಲ್ಲ. ಚಿತ್ರದ ಕೆಳಗಿನ ಸಾಲು, ಪಾಠದ ಕೊನೆಯ ಸಾರಾಂಶ ಕೂಡ ಬಿಡಬೇಡ.

ಫಿಸಿಕ್ಸಿನಲ್ಲಿ ನಿನಗೆ ಬಾಕಿ ಉಳಿದಿರುವುದು ಹೆಚ್ಚಾಗಿ ಸೆಕೆಂಡ್ ಪಿಯು ಪುಸ್ತಕದ ಎರಡನೇ ಭಾಗ. ಇದು ನಿನ್ನ ಅದೃಷ್ಟ ಅಂತಲೇ ಹೇಳುತ್ತೇನೆ, ಯಾಕೆಂದರೆ ಆ ಭಾಗದ ಪಾಠಗಳಿಗೆ ಹಿಂದಿನ ಪಾಠಗಳ ಹಂಗು ಕಡಿಮೆ. ಮೊದಲ ಭಾಗದ ಎಲೆಕ್ಟ್ರೋಮ್ಯಾಗ್ನೆಟಿಕ್ ಇಂಡಕ್ಷನ್ ಮತ್ತು ಎಸಿ (ಆಲ್ಟರ್ನೇಟಿಂಗ್ ಕರೆಂಟ್) ಪಾಠಗಳಿಂದ ಶುರುಮಾಡಿ ಅಲ್ಲೇ ಒದ್ದಾಡಬೇಡ. ನೇರ 11ನೇ ಅಧ್ಯಾಯ ತೆಗೆ: ಡ್ಯುಯಲ್ ನೇಚರ್. ಅಲ್ಲಿಂದ ಆಟಮ್ಸ್, ನ್ಯೂಕ್ಲಿಯೈ, ಸೆಮಿಕಂಡಕ್ಟರ್. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ತರಂಗಾಂತರ ನ್ಯಾನೋಮೀಟರಿನಲ್ಲಿದ್ದರೆ 1240ನ್ನು ಅದರಿಂದ ಭಾಗಿಸು, ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟಿನಲ್ಲಿ ಸಿಗುತ್ತದೆ. 500 ನ್ಯಾನೋಮೀಟರ್ ಬೆಳಕಿಗೆ 2.48. ಸೀಸಿಯಮ್ಮಿನ ವರ್ಕ್ ಫಂಕ್ಷನ್ 2.14. ಕಳೆದರೆ ಉಳಿಯುವ 0.34 ಎಲೆಕ್ಟ್ರಾನ್ ವೋಲ್ಟ್ ಹೊರಬೀಳುವ ಎಲೆಕ್ಟ್ರಾನಿನ ಗರಿಷ್ಠ ಚಲನಶಕ್ತಿ, ಸ್ಟಾಪಿಂಗ್ ಪೊಟೆನ್ಶಿಯಲ್ 0.34 ವೋಲ್ಟ್. ಆ ಪಾಠದ ಅರ್ಧಕ್ಕರ್ಧ ಲೆಕ್ಕಗಳು ಇದೇ ದಾರಿಯಲ್ಲಿ ಬರುತ್ತವೆ. ಇವು ಕೈಗೆ ಬಂದಮೇಲೆ ರೇ ಆಪ್ಟಿಕ್ಸ್, ಕೊನೆಗೆ ಎಸಿ. ಫಸ್ಟ್ ಪಿಯುದ ರೊಟೇಶನಲ್ ಮೋಶನ್ ನಿನಗೆ ಆಗಲೂ ಅರ್ಥವಾಗಿರದಿದ್ದರೆ ಈ ಸಲ ಅದಕ್ಕೆ ವಾರಗಟ್ಟಲೆ ಕೊಡಬೇಡ.

ಆರ್ಗ್ಯಾನಿಕ್ ಮಾತ್ರ ಬೇರೆ. ಅಲ್ಲಿ ನಡುವೆ ನುಗ್ಗಲು ಬರುವುದಿಲ್ಲ. ಫಸ್ಟ್ ಪಿಯು ಪುಸ್ತಕದ ಮೂಲತತ್ವಗಳ ಪಾಠ, ಅಂದರೆ ಇಂಡಕ್ಟಿವ್ ಪರಿಣಾಮ, ರೆಸೊನೆನ್ಸ್, ಕಾರ್ಬೊಕ್ಯಾಟಯಾನಿನ ಸ್ಥಿರತೆ ಗಟ್ಟಿಯಾಗದೆ ಆಲ್ಡಿಹೈಡ್, ಅಮೀನ್ ಎಷ್ಟು ಓದಿದರೂ ನಿಲ್ಲುವುದಿಲ್ಲ. ಅಲ್ಲಿಂದಲೇ ಶುರುಮಾಡು.

ಪಿಯು ಪರೀಕ್ಷೆಯನ್ನು ಹಗುರವಾಗಿ ತಗೋಬೇಡ. ನೀಟ್‌ನಲ್ಲಿ ಎಷ್ಟೇ ಅಂಕ ಬರಲಿ, ಸೀಟಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಸಾಮಾನ್ಯ ವರ್ಗದವರಿಗೆ ಶೇ. 50, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ ಶೇ. 40 ಬೇಕೇ ಬೇಕು. ಇಂಗ್ಲಿಷ್‌ನಲ್ಲೂ ಪಾಸಾಗಿರಬೇಕು. ಪ್ರಾಕ್ಟಿಕಲ್ ತಪ್ಪಿಸಬೇಡ, ವರ್ನಿಯರ್, ಸ್ಕ್ರೂ ಗೇಜ್, ಮೀಟರ್ ಬ್ರಿಜ್ ಈಗ ನೀಟ್ ಸಿಲಬಸ್ಸಿನಲ್ಲೇ ಇವೆ. ಲ್ಯಾಬ್‌ನಲ್ಲಿ ಉಪಕರಣ ಹೊರಗೆ ತೆಗೆದೇ ಇಲ್ಲ ಅಂದರೆ ಪ್ರಿನ್ಸಿಪಾಲರ ಹತ್ತಿರ ಹೋಗಿ ಕೇಳು. ಅದು ನಿನ್ನ ಹಕ್ಕು, ಅಂಜಬೇಡ.

ಅರ್ಜಿಯಲ್ಲಿ ಪ್ರಶ್ನೆಪತ್ರಿಕೆಯ ಭಾಷೆ ಕೇಳುತ್ತಾರೆ. ಕನ್ನಡ ಆರಿಸಿಕೊಂಡರೆ ಕೈಗೆ ಬರುವ ಪತ್ರಿಕೆಯಲ್ಲಿ ಇಂಗ್ಲಿಷೂ ಇರುತ್ತದೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ನಿನ್ನಂಥವರಿಗೆ ಉದ್ದನೆಯ ಹೇಳಿಕೆಗಳನ್ನು ಕನ್ನಡದಲ್ಲಿ ಓದಿ, ಪದಗಳನ್ನು ಇಂಗ್ಲಿಷಿನಲ್ಲಿ ಖಾತ್ರಿ ಮಾಡಿಕೊಳ್ಳುವುದು ಅನುಕೂಲ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷಿನಲ್ಲಿ ಇರುವುದೇ ಅಂತಿಮ. ಕನ್ನಡ ಮಾಧ್ಯಮದ ಕೋಟಾಕ್ಕೂ ಈ ಆಯ್ಕೆಗೂ ಸಂಬಂಧವಿಲ್ಲ. ಅದು ಸಿಗುವುದು ಒಂದರಿಂದ ಹತ್ತರವರೆಗೆ ನೀನು ಕನ್ನಡದಲ್ಲಿ ಓದಿದ ದಾಖಲೆಯ ಮೇಲೆ.

ಲಾಂಗ್ ಟರ್ಮ್ ವಿಚಾರ ಫಲಿತಾಂಶ ಬಂದಮೇಲೆ ಮಾತಾಡೋಣ. ನೀಟ್ ಇಷ್ಟೇ ಸಲ ಬರೆಯಬೇಕು ಅಂತ ಮಿತಿ ಇಲ್ಲ. ಈ ಸಲ ಕೂತು ಬರೆದರೆ ಎಲ್ಲಿ ಸೋರುತ್ತಿದೆ ಅಂತ ನಿನಗೇ ತಿಳಿಯುತ್ತದೆ. ಆಮೇಲೆ ಅಪ್ಪ ಸಾಲ ಮಾಡಿ ಫೀಸು ಕಟ್ಟಬೇಕೋ ಬೇಡವೋ ಅನ್ನುವುದನ್ನು ಅಂಕಪಟ್ಟಿ ಮುಂದಿಟ್ಟುಕೊಂಡು ಮನೆಯವರೆಲ್ಲ ನಿರ್ಧರಿಸಬಹುದು.

ಇನ್ನೊಂದು ಕೆಲಸ ಈ ತಿಂಗಳೇ ಮಾಡು. ಸಂವಿಧಾನದ 371(ಜೆ) ವಿಧಿಯ ಅಡಿ ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳ ರಾಜ್ಯ ಕೋಟಾದ ಸೀಟುಗಳಲ್ಲಿ ಶೇ. 70 ಇಲ್ಲಿನವರಿಗೇ ಮೀಸಲು, ರಾಜ್ಯದ ಉಳಿದ ಭಾಗದಲ್ಲಿ ಶೇ. 8. ಕಲಬುರಗಿ, ಬೀದರ್, ರಾಯಚೂರು, ಈಗ ಯಾದಗಿರಿಯಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಈ ಮೀಸಲಾತಿಗೆ ನೀನು ಇಲ್ಲಿನವಳು ಅನ್ನುವ ಸರ್ಟಿಫಿಕೇಟ್ ಮಾಡಿಸಿಕೋ. ಅದನ್ನು ಕೊಡುವವರು ಸಹಾಯಕ ಆಯುಕ್ತರು (ಎಸಿ), ಚಿಂಚೋಳಿಯವರಿಗೆ ಸೇಡಂ ಎಸಿ ಆಫೀಸು. ರಿಸಲ್ಟ್ ಬಂದಮೇಲೆ ಎಲ್ಲರೂ ಒಟ್ಟಿಗೇ ಅಲ್ಲಿ ಸಾಲು ನಿಲ್ಲುತ್ತಾರೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳು, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ್ದೂ ಸೇರಿ, ಹೆಡ್‌ಮಾಸ್ತರರಿಂದ ಬರೆಸಿ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೇಲುರುಜು ಹಾಕಿಸಿಕೋ. ಎಲ್ಲದರಲ್ಲೂ ನಿನ್ನ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇದೆಯಾ ಅಂತ ಅಲ್ಲೇ ನಿಂತು ಓದಿ ನೋಡು.