ಲೋಹಗಾಂವ್ ಮೇಲಿನ ದೀಪದ ಸಾಲು

ಪುಣೆಯ ವಿಶ್ರಾಂತವಾಡಿಯ ಓದುಗರೊಬ್ಬರ ಪತ್ರ: "ಕಳೆದ ತಿಂಗಳು ಒಂದು ಸಂಜೆ ಏಳೂಕಾಲಕ್ಕೆ ನಮ್ಮ ಸೊಸೈಟಿಯ ಟೆರೇಸಿನಿಂದ ಲೋಹಗಾಂವ್ ಕಡೆಗೆ ದೀಪಗಳ ಸಾಲೊಂದು ಸದ್ದಿಲ್ಲದೆ ಹೋಗುವುದನ್ನು ಎಲ್ಲರೂ ಕಂಡೆವು. ನೋಡನೋಡುತ್ತಲೇ ಒಂದೊಂದಾಗಿ ಮಾಯವಾದವು. ಮಗ್ಗುಲಲ್ಲೇ ವಾಯುನೆಲೆಯಿದ್ದರೂ ಸೇನೆಯವರು ತುಟಿ ಬಿಚ್ಚಲಿಲ್ಲ. ಏನನ್ನು ಮುಚ್ಚಿಡುತ್ತಿದ್ದಾರೆ?"

ಸಂಪಾದಕರ ಉತ್ತರ:

ಮಾನ್ಯರೇ, ನೀವು ಕಂಡದ್ದರ ಬಗ್ಗೆ ನನಗೆ ಅನುಮಾನವಿಲ್ಲ. ತಕರಾರು ಇರುವುದು ನಿಮ್ಮ ಕೊನೆಯ ಸಾಲಿನ ಬಗ್ಗೆ. ಸೇನೆ ಮೊದಲು ನೋಡುವುದು ಅಪಾಯವಿದೆಯೇ ಎಂದು. ಇಲ್ಲವೆಂದು ಖಾತ್ರಿಯಾದರೆ ಅವರ ಕೆಲಸ ಬಹುಮಟ್ಟಿಗೆ ಮುಗಿದಂತೆ. 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಬಳಿ ಏನೋ ಹಾರುತ್ತಿರುವುದು ಕಂಡು ಕೆಲವು ಗಂಟೆ ವಿಮಾನ ಸಂಚಾರ ನಿಂತಿತು. ವಾಯುಪಡೆ ತನ್ನ ರಕ್ಷಣಾ ವ್ಯವಸ್ಥೆಯನ್ನು ಸಜ್ಜುಗೊಳಿಸಿತು; ಆ ಚಿಕ್ಕ ವಸ್ತು ಆಮೇಲೆ ಕಾಣಲಿಲ್ಲ ಎಂದು ತಿಳಿಸಿತು. ಅಷ್ಟೇ.

ಲಡಾಖಿನದು ಇನ್ನೂ ಸ್ವಾರಸ್ಯದ ಪ್ರಕರಣ. 2012ರ ಆಗಸ್ಟಿನಿಂದ ಮುಂದಿನ ಫೆಬ್ರುವರಿವರೆಗೆ ಪ್ಯಾಂಗಾಂಗ್ ಸರೋವರದ ಬಳಿ ಕಾವಲಿದ್ದ ನಮ್ಮ ಸೈನಿಕರು ಹೊಳೆಯುವ ವಸ್ತುಗಳನ್ನು 329 ಸಲ ಕಂಡದ್ದಾಗಿ ಬರೆದಿಟ್ಟರು. ಚೀನಾದ ಬೇಹುಗಾರಿಕೆ ಡ್ರೋನ್ ಇರಬೇಕೆಂಬ ಗುಮಾನಿ. ಎದುರಿಗೇ ಗಡಿಯಿರುವಾಗ ಗುಮಾನಿ ಪಡದಿದ್ದರೇ ತಪ್ಪು. ಕೊನೆಗೆ ವಿಷಯ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಹೋಯಿತು. ಅಲ್ಲಿಯವರು ಕೇಳಿದ್ದು ಇಷ್ಟೇ: ಎಷ್ಟು ಹೊತ್ತಿಗೆ ಕಂಡಿತು, ಯಾವ ದಿಕ್ಕಿಗೆ, ದಿಗಂತದಿಂದ ಎಷ್ಟು ಡಿಗ್ರಿ ಮೇಲೆ? ತಾಳೆ ಹಾಕಿದಾಗ ಸಿಕ್ಕಿಬಿದ್ದವರು ಗುರು ಮತ್ತು ಶುಕ್ರ! ನಗುವುದು ಸುಲಭ. ಆದರೆ ತಿಂಗಳುಗಟ್ಟಲೆ ದಾಖಲೆ ಇಟ್ಟ ಆ ಸೈನಿಕರ ಶಿಸ್ತು ನಮ್ಮಲ್ಲಿ ಎಷ್ಟು ಜನರಿಗಿದೆ?

ಹಾಗೆಂದು ಎಲ್ಲವನ್ನೂ ಶುಕ್ರನ ತಲೆಗೆ ಕಟ್ಟುವಂತಿಲ್ಲ. 1948ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯಲ್ಲಿ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಎಂಬ ಪೈಲಟ್ ಆಕಾಶದಲ್ಲಿ ಕಂಡದ್ದರ ಬೆನ್ನಟ್ಟಿ ಮೇಲೇರಿ, ವಿಮಾನ ಬಿದ್ದು ತೀರಿಕೊಂಡ. ಅವನು ಕಂಡದ್ದು ಶುಕ್ರನನ್ನು ಎಂದು ಮೊದಲು ಹೇಳಿದರು. ನೌಕಾಪಡೆಯ ಸ್ಕೈಹುಕ್ ಎಂಬ, ಬಹಳ ಎತ್ತರಕ್ಕೆ ಹಾರುವ ದೊಡ್ಡ ಬಲೂನ್ ಇರಬೇಕೆಂಬ ವಿವರಣೆ ಬಂದದ್ದು ತಡವಾಗಿ; ಆಗ ಆ ಬಲೂನಿನ ಯೋಜನೆಯೇ ಗುಟ್ಟಿನದು. ಹಾಗಾಗಿ ಸೇನೆ ಮುಚ್ಚಿಡುವುದೇ ಇಲ್ಲ ಎಂದು ನಾನೂ ಹೇಳಲಾರೆ. ಮುಚ್ಚಿಡುವುದು ಹೆಚ್ಚಾಗಿ ತಮ್ಮದೇ ಸರಂಜಾಮನ್ನು.

ಇನ್ನು ನಿಮ್ಮ ದೀಪಗಳು. ನನ್ನ ಊಹೆ, ಅವು ಇಂಟರ್ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳು. ಉಡಾವಣೆಯಾದ ಹೊಸತರಲ್ಲಿ ಹೀಗೆ ಸಾಲಾಗಿಯೇ ಹೋಗುತ್ತವೆ. ಅವು ಹೊಳೆಯುವುದು ಬಿಸಿಲು ಬಿದ್ದು. ಭೂಮಿಯ ನೆರಳಿಗೆ ಹೊಕ್ಕಂತೆ ಒಂದೊಂದಾಗಿ ಆರುತ್ತವೆ. ಸಂಜೆ ಆ ನೆರಳು ಏರುವುದು ಪೂರ್ವದಿಂದ. ವಿಶ್ರಾಂತವಾಡಿಗೆ ಲೋಹಗಾಂವ್ ವಿಮಾನ ನಿಲ್ದಾಣವೂ ಪೂರ್ವಕ್ಕೇ ಇದೆಯಲ್ಲ!

ಊಹೆಯನ್ನು ಖಾತ್ರಿ ಮಾಡಿಕೊಳ್ಳಲು ತಾರೀಕು ಬೇಕು, ಅದನ್ನೇ ನೀವು ಬರೆದಿಲ್ಲ. ನೀವು ಕಳಿಸಿದ ವಿಡಿಯೊದಲ್ಲಿ ದೀಪಗಳಿಗಿಂತ ಟೆರೇಸಿನ ನೀರಿನ ಟಾಕಿಯೇ ಚೆನ್ನಾಗಿ ಬಂದಿದೆ. ಹಿಂದಿನಿಂದ ಯಾರೋ "ಅರೇ, ಬಘಾ ಬಘಾ" (ನೋಡಿ ನೋಡಿ) ಎಂದು ಮರಾಠಿಯಲ್ಲಿ ಕೂಗುವುದೂ ಕೇಳುತ್ತದೆ. ಟಾಕಿ ಇರುವುದು ಒಳ್ಳೆಯದೇ ಆಯಿತು; ದೀಪಗಳು ಎಷ್ಟು ಎತ್ತರದಲ್ಲಿದ್ದವೆಂದು ಅದಕ್ಕೆ ಹೋಲಿಸಿಯೇ ಅಳೆಯಬಹುದು. ಅವತ್ತು ನಿಂತಲ್ಲೇ ನಿಂತು, ಕೈ ನೀಡಿ ಮುಷ್ಟಿ ಹಿಡಿಯಿರಿ: ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಟಾಕಿಯ ಅಂಚಿಗೆ ಎಷ್ಟು ಮುಷ್ಟಿ ಎಂದು ಎಣಿಸಿ, ತಾರೀಕಿನ ಜೊತೆ ಬರೆದು ನಿಮ್ಮೂರಿನ ಗಣೇಶಖಿಂಡಿನಲ್ಲಿರುವ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಖಗೋಳಜ್ಞರನ್ನು ಕೇಳಿ ನೋಡಿ. ನಮಗೂ ಒಂದು ಪ್ರತಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.