ಬಾಗಿಲ ಹೊರಗೆ ನಿಂತ ಕಾಗಕ್ಕ

ಪ್ರಶ್ನೆ: ನನ್ನ ಮಗನಿಗೆ 4 ವರ್ಷ. ತಂಗಿ ಹುಟ್ಟಿ ಎರಡು ತಿಂಗಳಾಯಿತು. ಪಾಪು ಮಲಗಿದ್ದಾಗ ಹೋಗಿ ಚಿವುಟುತ್ತಾನೆ. ಬೈದರೂ ಹೊಡೆದರೂ ಕೇಳುತ್ತಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ತುಮಕೂರು

ಉತ್ತರ: ಮೊದಲು ಹೊಡೆಯುವುದು ಬಿಡಿ. ಮಗು ಕಂಗಾಲಾಗಿದೆ, ಅಷ್ಟೇ. ಕಾಗಕ್ಕ ಗುಬ್ಬಕ್ಕನ ಕಥೆ ನಿಮಗೂ ಗೊತ್ತಲ್ವಾ? ಮಳೆಗೆ ಸಗಣಿ ಮನೆ ಕೊಚ್ಚಿಹೋಗಿ, ನೆನೆದುಕೊಂಡು ಬಂದ ಕಾಗಕ್ಕ ಬಾಗಿಲು ತಟ್ಟುತ್ತಾಳೆ, ಗುಬ್ಬಕ್ಕ ಒಳಗಿನಿಂದ ‘ತಾಳು, ಮಗುವಿಗೆ ಸ್ನಾನ ಮಾಡಿಸ್ತಿದ್ದೀನಿ’, ‘ತಾಳು, ಹಾಲು ಕುಡಿಸ್ತಿದ್ದೀನಿ’ ಅನ್ನುತ್ತಲೇ ಇರುತ್ತಾಳೆ. ನಿಮ್ಮ ಮಗ ದಿನಾ ಕೇಳುವ ಮಾತೂ ಅದೇ.

ರಾತ್ರಿ ಪಾಪುವನ್ನು ಅಜ್ಜಿಗೋ ಅವರಪ್ಪನಿಗೋ ಕೊಟ್ಟು, ಹತ್ತೇ ನಿಮಿಷ ಇವನೊಬ್ಬನನ್ನೇ ತೊಡೆ ಮೇಲೆ ಕೂರಿಸಿಕೊಂಡು ಈ ಕಥೆ ಹೇಳಿ. ಬಾಗಿಲು ತಟ್ಟುವಲ್ಲಿ ನಿಲ್ಲಿಸಿ, ‘ಆಗ ಕಾಗಕ್ಕನಿಗೆ ಹೇಗನ್ನಿಸಿತು?’ ಎಂದು ಕೇಳಿ. ‘ನಿನಗೆ ಹೊಟ್ಟೆಕಿಚ್ಚಾ?’ ಅಂತ ನೇರವಾಗಿ ಕೇಳಿದರೆ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ, ಕಾಗೆಯ ಹೆಸರಿನಲ್ಲಾದರೆ ಎಲ್ಲಾ ಹೇಳುತ್ತಾರೆ. ‘ಅವಳಿಗೆ ಕೋಪ ಬಂತು’ ಅಂದರೆ ತಿದ್ದಬೇಡಿ. ‘ಹೌದು ಕಣೋ, ಬಂದೇ ಬರುತ್ತೆ’ ಅನ್ನಿ. ಕಥೆಯ ಕೊನೆ ಅವನೇ ಕಟ್ಟಲಿ. ನೀತಿ ಹೇಳಲು ಹೋಗಬೇಡಿ, ಅಲ್ಲಿಗೆ ಕಥೆ ಪಾಠವಾಗಿಬಿಡುತ್ತದೆ. ಅದೇ ಕಥೆ ಮತ್ತೆ ಮತ್ತೆ ಬೇಕೆಂದರೆ ಬೇಸರಿಸದೆ ಹೇಳಿ. ಚಿವುಟುವುದು ಒಂದೇ ವಾರದಲ್ಲಿ ನಿಲ್ಲಲಿಕ್ಕಿಲ್ಲ, ಅಲ್ಲಿಯವರೆಗೆ ಇಬ್ಬರನ್ನೇ ಕೋಣೆಯಲ್ಲಿ ಬಿಡಬೇಡಿ.