ಕಬಿನಿಯಲ್ಲಿ ಚಿರತೆ ನೋಡಲು ಹೊರಟವರಿಗೆ

ಮಾರ್ಚ್‌ನಲ್ಲಿ ಮನೆಯವರೊಂದಿಗೆ ಕಬಿನಿಗೆ ಹೊರಟಿದ್ದೀರಿ, ಸಂಜೆ ಒಂದು ಬೆಳಿಗ್ಗೆ ಒಂದು ಸಫಾರಿ; ಚಿರತೆ ಸಿಗುತ್ತದೆಯೇ, ದೋಣಿ ಒಳ್ಳೆಯದೋ ಜೀಪೋ ಎಂದು ಕೇಳಿದ್ದೀರಿ.

ಜೀಪು ಅಥವಾ ಬಸ್. ದೋಣಿಯಲ್ಲಿ ಆನೆ, ಮೊಸಳೆ, ಹಕ್ಕಿಗಳನ್ನು ನೆಮ್ಮದಿಯಾಗಿ ನೋಡಬಹುದು. ಚಿರತೆಗೆ ಕಾಡೊಳಗಿನ ದಾರಿಯೇ ಬೇಕು. ಎರಡೇ ಸಫಾರಿಯಲ್ಲಿ ಕಂಡರೆ ಅದೃಷ್ಟ. ನನಗೆ ಮೊದಲ ಚಿರತೆ ಕಂಡದ್ದು ಐದನೆಯ ಸಫಾರಿಯಲ್ಲಿ. ಹಣ ಕಟ್ಟುವ ಮೊದಲು ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿಕೊಳ್ಳಿ. ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗಳಾದ ಮೇಲೆ 2025ರ ನವೆಂಬರ್‌ನಲ್ಲಿ ನಾಗರಹೊಳೆ (ಕಬಿನಿಯ ಸಫಾರಿ ನಡೆಯುವ ಕಾಡು ಇದೇ), ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು.

ಇನ್ನು ನೋಡುವ ವಿಚಾರ. ಎಲ್ಲರೂ ಹುಲಿಯ ಗುಂಗಿನಲ್ಲಿ ರಸ್ತೆಯನ್ನೇ ನೋಡುತ್ತಾ ಕೂರುತ್ತಾರೆ. ನೀವು ಕತ್ತೆತ್ತಿ ಕೂರಿ. ನೆಲದ ಮೇಲೆ ಹುಲಿಯ, ಸೀಳುನಾಯಿಗಳ ಕಾಟ ಇರುವುದರಿಂದ ಇಲ್ಲಿನ ಚಿರತೆ ಹಗಲಿನ ಬಹುಪಾಲನ್ನು ಮರದ ಮೇಲೆಯೇ ಕಳೆಯುವುದುಂಟು. ಮೊಸಳೆಯ ಚರ್ಮದಂತೆ ತೊಗಟೆ ಬಿರಿದ ದೊಡ್ಡ ಮತ್ತಿ ಮರಗಳನ್ನು ಒಂದನ್ನೂ ಬಿಡದೆ ನೋಡಿ, ಅದರಲ್ಲೂ ಅಡ್ಡಕ್ಕೆ ಚಾಚಿದ ಕೊಂಬೆಗಳನ್ನು. ಇಡೀ ಪ್ರಾಣಿಯನ್ನು ಹುಡುಕಿದರೆ ಸಿಗುವುದಿಲ್ಲ, ಬಾಲವನ್ನು ಹುಡುಕಬೇಕು. ನಮ್ಮ ಜೀಪು ಎಲ್ಲಿಯೋ ಹುಲಿ ಇದೆಯೆಂಬ ಸುದ್ದಿ ಹಿಡಿದು ಓಡುತ್ತಿದ್ದಾಗ, ಹಿಂದೆ ಕೂತಿದ್ದ ನಮ್ಮ ಅತ್ತೆ "ಆ ಮರಕ್ಕೆ ಯಾರು ಹಗ್ಗ ಇಳಿಬಿಟ್ಟಿದ್ದಾರೆ?" ಎಂದರು. ಹಿಂದಕ್ಕೆ ಬಂದು ನೋಡಿದರೆ ಹಗ್ಗದ ತುದಿ ಮೆಲ್ಲಗೆ ಮಡಚಿಕೊಂಡಿತು. ದುರ್ಬೀನು, ಕ್ಯಾಮೆರಾ ಹೊತ್ತ ನಾವು ನಾಲ್ವರು ಗಂಡಸರಿಗೆ ಅದು ಕಂಡಿರಲಿಲ್ಲ. ಹುಲಿಯಂತೂ ಸಿಗಲೇ ಇಲ್ಲ.

ಕಿವಿಗೂ ಕೆಲಸ ಕೊಡಿ. ಚುಕ್ಕೆ ಜಿಂಕೆ ಒಮ್ಮೆ ಕೂಗಿತೆಂದು ಹಿಗ್ಗಬೇಡಿ, ಅದು ಪುಕ್ಕಲು, ಸುಮ್ಮನೆಯೂ ಕೂಗುತ್ತದೆ. ಹಿಂಡೆಲ್ಲ ಮೇಯುವುದು ಬಿಟ್ಟು ಒಂದೇ ದಿಕ್ಕಿಗೆ ಮುಖ ಮಾಡಿ, ಮುಂಗಾಲು ನೆಲಕ್ಕೆ ಬಡಿದರೆ ಆಗ ನಂಬಿ. ಕಡವೆ "ಢಾಂಕ್" ಎಂದು ಬಿಟ್ಟು ಬಿಟ್ಟು ಕೂಗಿದರೆ ಹೆಚ್ಚುಕಡಿಮೆ ಖಾತ್ರಿ. ಮುಸುವ, ಅಂದರೆ ಕಪ್ಪು ಮುಖದ ಉದ್ದ ಬಾಲದ ಕೋತಿ, ಮರದ ತುದಿಯಲ್ಲಿ ಕೂತು ಖಕರ್ ಎನ್ನುತ್ತಿದ್ದರೆ ಅದರ ಮುಖ ಯಾವ ಕಡೆಗಿದೆ ನೋಡಿ, ನಿಮ್ಮ ಚಿರತೆ ಆ ಕಡೆ. ಇಂಜಿನ್ ನಿಲ್ಲಿಸಿ ಹದಿನೈದು ನಿಮಿಷ ಕಾಯೋಣವೇ ಎಂದು ಚಾಲಕರನ್ನು ವಿನಯದಿಂದ ಕೇಳಿ. ಗರಗಸದಿಂದ ಮರ ಕೊಯ್ದ ಸದ್ದು ಕೇಳಿದರೆ ಮರಗಳ್ಳರೆಂದುಕೊಳ್ಳಬೇಡಿ, ಚಿರತೆ ಕೂಗುವುದೇ ಹಾಗೆ.

ಮಾರ್ಚ್ ಒಳ್ಳೆಯ ಆಯ್ಕೆ. ತೇಗದ ಎಲೆ ಉದುರಿ ಕಾಡು ತೆರೆದುಕೊಂಡಿರುತ್ತದೆ. ಧೂಳಿಗೆ ಒಂದು ಬಟ್ಟೆ ಇಟ್ಟುಕೊಳ್ಳಿ.

ಕರಿಚಿರತೆಯ ಆಸೆ ಮಕ್ಕಳಿಗೆ ಹುಟ್ಟಿಸಬೇಡಿ, ನಿರಾಸೆಯೇ ಹೆಚ್ಚು. ಅದು ಬೇರೆ ಜಾತಿಯಲ್ಲ. ತಂದೆತಾಯಿ ಇಬ್ಬರಿಂದಲೂ ಆ ಗುಣ ಬಂದಾಗ ಮಾತ್ರ ಮರಿ ಕಪ್ಪಾಗುತ್ತದೆ. ಓರೆ ಬಿಸಿಲು ಬಿದ್ದರೆ ಮೈಮೇಲಿನ ಚುಕ್ಕೆಗಳೂ ಕಾಣುತ್ತವೆ.

ಫೋಟೊ ತೆಗೆಯುವವರಿಗೆ ಒಂದು ಮಾತು. ಮರದ ಮೇಲಿನ ಚಿರತೆಯ ಹಿಂದೆ ಬೆಳ್ಳಗಿನ ಆಕಾಶ ಇರುತ್ತದೆ, ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಚಿರತೆ ಇದ್ದಿಲಿನಂತೆ ಬರುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಹೆಚ್ಚಿಸಿ, ಅಂದರೆ ಬೆಳಕು ಎರಡರಷ್ಟಾಗಲಿ. 100-400 ಮಿ.ಮೀ. ಜೂಮ್ ಲೆನ್ಸ್ ಸಾಕು. ಜೀಪಿನಲ್ಲಿ ಟ್ರೈಪಾಡ್ ವ್ಯರ್ಥ, ಎರಡು ಕಿಲೋ ಅಕ್ಕಿ ತುಂಬಿದ ಬಟ್ಟೆಯ ಚೀಲ ಕಂಬಿಯ ಮೇಲಿಟ್ಟರೆ ಕೈ ಅಲುಗುವುದಿಲ್ಲ.

ಸಂಜೆಯ ಸಫಾರಿಯಲ್ಲಿ ಕೊಂಬೆಯ ಮೇಲೆ ಅರ್ಧ ತಿಂದ ಜಿಂಕೆ ಕಂಡು ಚಿರತೆ ಕಾಣದಿದ್ದರೆ ಬೇಸರ ಪಡಬೇಡಿ. ಮಾಂಸ ಉಳಿದಿದ್ದರೆ ಅದು ಮರಳಿ ಬರುವುದೇ ಹೆಚ್ಚು. ಮರ ಎಲ್ಲಿದೆ ಎಂದು ಗುರುತಿಟ್ಟುಕೊಂಡು, ಬೆಳಿಗ್ಗೆ ಬೇರೆಲ್ಲೂ ಸುತ್ತದೆ ನೇರ ಅಲ್ಲಿಗೇ ಕರೆದೊಯ್ಯಲು ಸಾಧ್ಯವೇ ಎಂದು ಸಫಾರಿಯವರನ್ನು ರಾತ್ರಿ ಊಟದ ಹೊತ್ತಿಗೇ ಕೇಳಿಟ್ಟಿರಿ.